ಪಾತ್ರೆ ಮುಂದೆ, ಗಂಟೆ ಹಿಂದೆ

ಇಚ್ಚುಪಾಂಪ
6 ಏಪ್ರಿಲ್ 1997

ಮಗಳು ನಿಲ್ದಾಳಿಗೆ ಚಿಕ್ಕಪ್ಪ ಮೆಲಿಟೋನ್ ಬರೆಯುವುದು.

ಈ ಪರ್ವತಗಳಲ್ಲಿ ಲಾಮಾಗಳಿಗೆ ಸಾಲಾಗಿ ನಡೆಯುವುದನ್ನು ಕಲಿಸಿದವನು ನಾನೇ. ನನಗಿಂತ ಮುಂಚೆ ಅವು ಕುರಿಗಳ ಹಾಗೆ ಗುಂಪು ಕಟ್ಟಿಕೊಂಡು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ಅರ್ಧ ಹೊರೆಯನ್ನು ಹೊಳೆಗೆ ಬೀಳಿಸುತ್ತ ಓಡಾಡುತ್ತಿದ್ದವು. ನಾನು ಹನ್ನೊಂದು ವರ್ಷದವನಿದ್ದಾಗ ಒಂದು ಬೆಳಿಗ್ಗೆ ಅವುಗಳ ಎದುರು ನಿಂತು, "ನೋಡ್ರಪ್ಪಾ, ಹಿಂಗಲ್ಲ, ಹಿಂಗೆ" ಎಂದು ತಿಳಿಸಿ ಹೇಳಿದೆ. ಅವತ್ತಿನಿಂದ ಸಾಲು. ಇದನ್ನು ನಿನ್ನ ಆಫೀಸಿನವರಿಗೆ ನೀನೇ ಹೇಳು. ನಾನು ಹೇಳಿಕೊಂಡರೆ ಜಂಬದ ಹಾಗೆ ಕಾಣುತ್ತದೆ.

ನಿನ್ನ ಕಾಗದ ಭಾನುವಾರದ ಲಾರಿಯಲ್ಲಿ ಬಂತು. ನಿನ್ನ ಚಿಕ್ಕಮ್ಮ ಬಸಿಲಿಯಾ ಮೂರು ಸಲ ಓದಿಸಿಕೊಂಡಳು. ಜೂನ್ ಇಪ್ಪತ್ತೆಂಟಕ್ಕೆ ಒಂಬತ್ತು ಜನ ಪರದೇಶದವರು ಬರುತ್ತಾರೆ, ನಾಲ್ಕು ದಿನ ನಡೆದು ಬೆಟ್ಟದ ನೆತ್ತಿಯಲ್ಲಿರುವ ಕುಂತುರ್ ಕಣಿವೆದಾರಿ ದಾಟಿ ಆಚೆಯ ಬಿಸಿನೀರಿನ ಬುಗ್ಗೆಗೆ ಹೋಗುತ್ತಾರೆ, ಹೊರೆಗೆ ಹನ್ನೆರಡು ಲಾಮಾ ಬೇಕು. ಸರಿ. ಐದು ನನ್ನವು ಅಂತ ಬರೆದುಕೋ. ನನ್ನ ಭಾಮೈದ ಸಟುರ್ನಿನೋನ ಹತ್ತಿರವೂ ನಾಲ್ಕು ಇವೆ. ಅವನು ತುಂಬಾ ಬೇಡಿಕೊಂಡರೆ ಅವನ್ನೂ ಸೇರಿಸು. ಮಿಕ್ಕ ಮೂರನ್ನು ಊರಿನವರು ಯಾರಾದರೂ ಕೊಡುತ್ತಾರೆ.

ಸಾಲಿನ ಮುಂದಾಳು ಯಾರು ಅಂತ ನೀನು ಬರೆದಿಲ್ಲ. ಬರೆಯುವುದೇನಿದೆ ಅಂತ ಬಿಟ್ಟಿರಬೇಕು. ನಿಮ್ಮ ತಾತ ಮೂವತ್ತು ವರ್ಷ ಇದೇ ದಾರಿಯಲ್ಲಿ ಲಾಮಾಗಳ ಮೇಲೆ ಜೋಳ ಹೇರಿ ತರಲು ಹೋಗಿಬಂದವರು, ಒಂದು ಸಲವೂ ಎರಡನೆಯವರಾಗಿ ನಡೆದವರಲ್ಲ. ಅವರ ರಕ್ತ ಯಾರ ಮೈಯಲ್ಲಿದೆ? ಎಲ್ಲರಿಗಿಂತ ಮುಂದೆ ನಡೆಯುವವನು, ಕಣಿವೆ ದಾಟುವವರೆಲ್ಲ ಒಂದೊಂದು ಕಲ್ಲು ಇಟ್ಟು ಹೋಗುವ ಕಲ್ಲುರಾಶಿಗೆ ಮೊದಲ ಕಲ್ಲು ಇಡುವವನು, ಎಲ್ಲ ಫೋಟೋಗಳಲ್ಲೂ ನಟ್ಟನಡುವೆ ಇರುವವನು ಮುಂದಾಳು. ನನಗೊಂದು ಹೊಸ ಪೊಂಚೋ ಹೊದಿಕೆ ನೇಯಲು ಬಸಿಲಿಯಾಗೆ ಹೇಳಿಯಾಗಿದೆ. ಕಣಿವೆಯ ತುದಿಯಲ್ಲಿ ನಿಂತು ತುತ್ತೂರಿಯನ್ನೂ ಊದುತ್ತೇನೆ. ನನ್ನ ತುತ್ತೂರಿ ಕೇಳಿ ಹದ್ದುಗಳೇ ಕೆಳಗಿಳಿದಿರುವುದುಂಟು.

ಇನ್ನೊಂದು ವಿಷಯ. ನಿನ್ನ ಕಾಗದ ಬಂದ ಮಾರನೆಯ ದಿನವೇ ಸಟುರ್ನಿನೋ ತನ್ನ ಟೋಪಿ ತೊಳೆದು ಬಿಸಿಲಿಗಿಟ್ಟಿದ್ದಾನೆ. ಏಳು ವರ್ಷದಿಂದ ನೀರು ಕಾಣದ ಟೋಪಿ. ಯಾಕೆ ಅಂತ ನಾನು ಕೇಳಲಿಲ್ಲ. ಬಸಿಲಿಯಾ ಕೇಳಿದಳು. "ಕೊಳೆಯಾಗಿತ್ತು ಅಕ್ಕ" ಅಂದನಂತೆ. ನಂಬುತ್ತೀಯಾ?

ನಿನ್ನನ್ನು ಓದಿಸಿ ಗೈಡ್ ಮಾಡಿದ,
ಚಿಕ್ಕಪ್ಪ


ಕುಸ್ಕೋ
15 ಏಪ್ರಿಲ್ 1997

ಚಿಕ್ಕಪ್ಪನಿಗೆ ನಿಲ್ದಾಳ ನಮಸ್ಕಾರ.

ನಿಮ್ಮ ಕಾಗದ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ನಿಮ್ಮ ಐದು, ಸಟುರ್ನಿನೋ ಮಾವನ ನಾಲ್ಕು ಎಂದು ಬರೆದುಕೊಂಡಿದ್ದೇನೆ.

ಈಗಿನಿಂದಲೇ ತಯಾರಿ ಶುರುವಾಗಲಿ. ಒಂದೊಂದು ಲಾಮಾಕ್ಕೂ ಇಪ್ಪತ್ತು ಕಿಲೋ ಹೊರೆ, ಅದಕ್ಕಿಂತ ಒಂದು ಮುಷ್ಟಿಯೂ ಹೆಚ್ಚಿಲ್ಲ. ವಾರಕ್ಕೆ ಮೂರು ದಿನ ಮೂಟೆಯಲ್ಲಿ ಕಲ್ಲು ತುಂಬಿ ಹೊಳೆಯವರೆಗೆ ನಡೆಸಿ ತನ್ನಿ. ಹಲಗೆ ಸೇತುವೆ ಅವಕ್ಕೆ ಅಭ್ಯಾಸವಾಗಬೇಕು. ನೈಲಾನ್ ಹಗ್ಗ ಬೇಡ, ಉಣ್ಣೆಯ ಹಗ್ಗವೇ ಇರಲಿ. ಕಿವಿಗೆ ಹೊಸ ಕುಚ್ಚು ಕಟ್ಟಿ.

ಮುಂದಾಳಿನ ವಿಷಯ ಊರಿನ ಸಭೆಗೆ ಬಿಟ್ಟದ್ದು. ಯಾರ ಲಾಮಾದ ಕೊರಳಲ್ಲಿ ಗಂಟೆ ಇದೆಯೋ ಅವರೇ ಮುಂದೆ ಎನ್ನುವುದು ನಮ್ಮ ಹಳೆಯ ಪದ್ಧತಿ ತಾನೆ? ಆಫೀಸಿನವರೂ ಅದನ್ನೇ ಒಪ್ಪುತ್ತಾರೆ.

ಹೋದ ವರ್ಷ ನೀವು ಹೇಳಿದ ಕಥೆಗಳನ್ನು ಬಂದವರು ಇನ್ನೂ ನೆನೆಸಿಕೊಳ್ಳುತ್ತಾರೆ. ಕಥೆ ಮುಗಿಯುವಷ್ಟರಲ್ಲಿ ಕತ್ತಲಾಗಿ ಕಣಿವೆ ಇಳಿಯುವುದು ಕಷ್ಟವಾಯಿತು ಎನ್ನುವುದನ್ನೂ ನೆನೆಸಿಕೊಳ್ಳುತ್ತಾರೆ.

ಚಿಕ್ಕಮ್ಮನಿಗೆ ನನ್ನ ಮುತ್ತು.

ನಿಲ್ದಾ

(ನನ್ನನ್ನು ಓದಿಸಿದ್ದು ಚಿಕ್ಕಮ್ಮ ನೇಯ್ದ ಕಂಬಳಿಗಳು. ನೀವು ಅವನ್ನು ಲಾರಿಗೆ ಹತ್ತಿಸಿದ್ದಿರಿ. ಅದೂ ನೆನಪಿದೆ.)


ಇಚ್ಚುಪಾಂಪ
27 ಏಪ್ರಿಲ್ 1997

ಮಗಳೇ,

ಗಂಟೆಯ ಮಾತು ಯಾಕೆ ಎತ್ತಿದೆ? ಎತ್ತಿದ್ದರಿಂದ ಹೇಳುತ್ತೇನೆ.

ಆ ಗಂಟೆ ನನ್ನಪ್ಪನದು. ಕಡೆಯ ಸಲ ಜೋಳಕ್ಕೆ ಹೋದಾಗ ನಿಮ್ಮ ತಾತ ಕಣಿವೆಯ ಕಲ್ಲುರಾಶಿಯ ಹತ್ತಿರ ನಿಂತು ಅದನ್ನು ತಮ್ಮ ಲಾಮಾದ ಕೊರಳಿಂದ ಬಿಚ್ಚಿ ಸಟುರ್ನಿನೋನ ಕೈಗೆ ಕೊಟ್ಟರಂತೆ. ನಾನು ಅಲ್ಲಿರಲಿಲ್ಲ. ನನ್ನ ಕಾಲು ಉಳುಕಿತ್ತು. ಹಾಸಿಗೆಯಲ್ಲಿದ್ದೆ. ಮುದುಕರ ಕಣ್ಣು ಆಗಲೇ ಮಂಜಾಗಿತ್ತು, ಯಾರ ಕೈ ಅಂತ ಕಾಣಲಿಲ್ಲ. ಆಗ ಅವನಿಗೆ ಮೀಸೆ ಕೂಡ ಬಂದಿರಲಿಲ್ಲ. ಅಷ್ಟೇ ನಡೆದದ್ದು. ಹದಿನಾರು ವರ್ಷವಾಯಿತು. ದಿನಾ ಬೆಳಿಗ್ಗೆ ಅವನ ಲಾಮಾಗಳು ಮೇವಿಗೆ ಹೊರಟಾಗ ನನ್ನ ಬಾಗಿಲಿನ ಮುಂದೆ ಟಣ್ ಟಣ್ ಅಂತ ನನ್ನಪ್ಪನ ಗಂಟೆ ಹೋಗುತ್ತದೆ. ಬೇರೆ ದಾರಿ ಇಲ್ಲವೇ ಅವನಿಗೆ? ಇದೆ. ಕೆರೆಯ ಕಡೆಯಿಂದ ಇದೆ. ಅದು ದೂರ ಅಂತಾನೆ.

ಈಗ ಆ ಗಂಟೆ ಯಾರ ಕೊರಳಲ್ಲಿದೆ? ಮಚುವಿನ ಕೊರಳಲ್ಲಿ. ನೀನು ಕಂಡಿದ್ದೀಯ. ಮುದಿ ಲಾಮಾ. ಅರ್ಧ ಕಿವಿಯನ್ನು ನರಿ ತಿಂದಿದೆ, ಇನ್ನರ್ಧ ಜೋತು ಬಿದ್ದಿದೆ. ಕುಚ್ಚು ಎಲ್ಲಿಗೆ ಕಟ್ಟುತ್ತಾನೋ ನೋಡಬೇಕು. ನನ್ನ ಜನರಲ್‌ನನ್ನು ನೋಡು. ಹಾಲಿನಂಥ ಬಿಳುಪು, ಮದುಮಗಳ ರೆಪ್ಪೆ, ನಿಂತರೆ ಪ್ರತಿಮೆ. ಇಂಥದ್ದನ್ನು ಹಿಂದೆ ಹಾಕಿ ಆ ಹರಕು ಕಿವಿಯನ್ನು ಮುಂದೆ ನಡೆಸಿದರೆ ಪರದೇಶದವರು ನಮ್ಮನ್ನು ಏನಂದುಕೊಂಡಾರು? ಊರಿನ ಮರ್ಯಾದೆಗೆ ಹೇಳುತ್ತಿದ್ದೇನೆ, ನನಗಾಗಿ ಅಲ್ಲ.

ಹಾಗೆಂದು ಸಟುರ್ನಿನೋನ ಮೇಲೆ ನನಗೆ ಏನೂ ಇಲ್ಲ. ಹೆಂಡತಿಯ ತಮ್ಮ, ನನ್ನ ಕೈಯಲ್ಲೇ ಬೆಳೆದವನು. ಅದಕ್ಕೇ ಮನಸ್ಸಿಗೆ ನೋವಾಗುತ್ತದೆ. ಅವನ ಬಲ ಮೊಣಕಾಲು ಪೂರಾ ಕೆಟ್ಟಿದೆ. ಏರು ಹತ್ತುವಾಗ ಕಟಕಟ ಅನ್ನುತ್ತದೆ, ಅರ್ಧ ಊರಿಗೆ ಕೇಳಿಸುತ್ತದೆ. ಇಂಥವನನ್ನು ಸಾಲಿನ ಮುಂದೆ ನಾಲ್ಕು ದಿನ ನಡೆಸುವುದು ಪಾಪ. ನೀನು ಮೆತ್ತಗೆ ಯೋಚನೆ ಮಾಡು.

ಚಿಕ್ಕಪ್ಪ


ಕುಸ್ಕೋ
9 ಮೇ 1997

ಪ್ರೀತಿಯ ಚಿಕ್ಕಪ್ಪ,

ನಿಮ್ಮ ಕಾಗದ ಓದಿ ಕಣ್ಣು ತುಂಬಿ ಬಂತು. ನೀವು ಸಟುರ್ನಿನೋ ಮಾವನ ಬಗ್ಗೆ ಇಷ್ಟು ಕಾಳಜಿಯಿಂದ ಬರೆದದ್ದು ಇದೇ ಮೊದಲು. ಚಿಕ್ಕಮ್ಮನಿಗೆ ಎಷ್ಟು ಸಮಾಧಾನವಾಗಿರಬೇಡ!

ಮೊಣಕಾಲಿನ ವಿಷಯ ತಿಳಿಸಿದ್ದು ಒಳ್ಳೆಯದಾಯಿತು. ಔಷಧಿ ಅಂಗಡಿಯಿಂದ ಒಂದು ಮುಲಾಮು ಲಾರಿಯವನ ಕೈಯಲ್ಲಿ ಕಳಿಸಿದ್ದೇನೆ, ಮಾವನಿಗೆ ನೀವೇ ಕೊಡಿ. ಅಷ್ಟೇ ಅಲ್ಲ, ಅವರಿಗೆ ಹಗುರವಾದ ಕೆಲಸ ಕೊಟ್ಟಿದ್ದೇನೆ. ಅವರು ಅಡುಗೆಯವರು. ಸಭೆ ಅವರನ್ನೇ ಮುಂದಾಳು ಮಾಡಿದರೆ ಸರಿ, ಇಲ್ಲದಿದ್ದರೆ ಸಾಲಿನ ಕೊನೆಯಲ್ಲಿ ನಿಧಾನವಾಗಿ ಬಂದರೆ ಸಾಕು. ಸಂಜೆ ಬಂದವರ ಜೊತೆ ಬೆಂಕಿಯ ಮುಂದೆ ಕೂತು ಸೂಪು ಬಡಿಸಿ, ಅವರ ಜೊತೆಯಲ್ಲೇ ಊಟ ಮಾಡಿ, ಅವರ ದೊಡ್ಡ ಗುಡಾರದಲ್ಲೇ ಮಲಗಬಹುದು. ಪಾತ್ರೆಗಳನ್ನು ಮಚು ಹೊರಲಿ. ಅವನಿಗೂ ವಯಸ್ಸಾಯಿತು, ಪಾತ್ರೆ ಹಗುರ.

ಮುಂದಾಳು ಯಾರೆಂದು ಸಭೆ ಇನ್ನೂ ತಿಳಿಸಿಲ್ಲ. ಗಂಟೆ ಇದ್ದವರೇ ಎಂದಷ್ಟೇ ಹೇಳುತ್ತಾರೆ.

ಇಪ್ಪತ್ತು ಕಿಲೋ ನೆನಪಿರಲಿ.

ನಿಲ್ದಾ


ಇಚ್ಚುಪಾಂಪ
18 ಮೇ 1997

ನಿಲ್ದಾ,

ನಾನು ಕೇಳಿದ್ದೇನು, ನೀನು ಕೊಟ್ಟದ್ದೇನು?

ಬೆಂಕಿಯ ಮುಂದೆ ಅವನು! ಅವರ ಡಬ್ಬದ ಮೀನು, ಅವರ ಚಾಕೊಲೇಟು ಅವನಿಗೆ! ದೊಡ್ಡ ಗುಡಾರ ಅವನಿಗೆ! ನಾನು ಹೊರಗೆ ಮಂಜಿನಲ್ಲಿ ಲಾಮಾಗಳ ಪಕ್ಕ ಪೊಂಚೋ ಹೊದ್ದುಕೊಂಡು ಬಿದ್ದಿರಬೇಕು, ಒಳಗೆ ಅವನು ಕಥೆ ಹೇಳುತ್ತಿರಬೇಕು. ಅವನಿಗೆ ಕಥೆ ಹೇಳಲು ಎಲ್ಲಿ ಬರುತ್ತದೆ? ಎರಡು ಮಾತಿಗೆ ಮೂರು ಸಲ ಉಗುಳು ನುಂಗುತ್ತಾನೆ. ಮೊನ್ನೆಯಿಂದ ಊರೆಲ್ಲ "ಅಡುಗೆ ಸಟುರ್ನಿನೋ" ಅಂತ ಕರೆಯುತ್ತಿದೆ, ಅವನು ಅದಕ್ಕೆ ಹಲ್ಲು ಕಿರಿಯುತ್ತಿದ್ದಾನೆ. ಅವನಿಗೆ ಸಿಟ್ಟು ಬರುವುದಿಲ್ಲ ಅನ್ನುವುದೇ ನನಗೆ ಸಿಟ್ಟು.

ಮುಲಾಮು ಬಂತು. ಅದನ್ನು ಜನರಲ್‌ನ ಮೊಣಕಾಲಿಗೆ ಹಚ್ಚಿದೆ. ಮುಂದೆ ನಡೆಯುವವನ ಕಾಲು ಮುಖ್ಯ.

ಹೌದು, ಮುಂದೆ ನಡೆಯುವವನು ಜನರಲ್. ಕೇಳು.

ಗುರುವಾರ ಸಟುರ್ನಿನೋ ಅಂಗಳದಲ್ಲಿ ಆಲೂಗಡ್ಡೆ ಆರಿಸುತ್ತಿದ್ದ. ಹೋಗಿ ರಾಶಿಯ ಪಕ್ಕ ಕೂತೆ. ಕೋಕಾ ಎಲೆ ಕೊಟ್ಟ, ಜಗಿದೆ.

"ಏನ್ ಭಾವ, ದಾರಿ ತಪ್ತಾ?" ಅಂದ.

"ಗಂಟೆ ಕೊಡು" ಅಂದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಯಾವ್ ಗಂಟೆ?"

"ಎಷ್ಟಿವೆ ನಿನ್ ಹತ್ರ? ನೀನೇನು ಇಗರ್ಜಿಯಾ?"

ನಕ್ಕ. ಆಲೂಗಡ್ಡೆಯೊಂದನ್ನು ಒರೆಸಿ ಒರೆಸಿ ನೋಡಿದ. "ಭಾವ, ಅದು ಬರೀ ಕಂಚು. ದಾರಿ ಗೊತ್ತಿರೋದು ಮಚುಗೆ. ಗಂಟೆ ತಗೊಂಡ್ ಏನ್ ಮಾಡ್ತೀರಾ?"

"ಅದು ನಮ್ಮಪ್ಪಂದು."

"ನಿಮ್ಮಪ್ಪಾನೇ ಕೊಟ್ಟಿದ್ದು."

ಒಳಗಿನಿಂದ ಅವನ ಹೆಂಡತಿ ಕೆಮ್ಮಿದಳು. ಸುಮ್ಮನೆ ಕೊಟ್ಟುಬಿಡಬೇಡ ಅನ್ನುವ ಕೆಮ್ಮು ಅದು, ನನಗೆ ಗೊತ್ತು.

"ಬೆಲೆ ಹೇಳು" ಅಂದೆ.

ಅವನು ತಲೆ ಕೆರೆದುಕೊಂಡ. ಆಕಾಶ ನೋಡಿದ. ಆಮೇಲೆ ಒಂದು ಬೆಲೆ ಹೇಳಿದ. ಹೇಳಿ, "ಸುಮ್ನೆ ಮನೆಗ್ ಹೋಗಿ ಭಾವ, ಅಕ್ಕ ಕಾಯ್ತಿರ್ತಾಳೆ" ಅಂದ.

"ಬಿಚ್ಚಿಟ್ಟಿರು" ಅಂದು ಎದ್ದು ಬಂದೆ. ಸೋಮವಾರ ದುಡ್ಡು ಕೊಟ್ಟು ಗಂಟೆ ತಂದೆ. ಅವನ ಮುಖ ನೋಡಬೇಕಿತ್ತು ನೀನು. "ಭಾವ, ನಾನು ಏನೋ ಅಂದೆ ಅಂತ ನೀವು..." ಅಂತ ತೊದಲಿದ. ಹೊಟ್ಟೆಕಿಚ್ಚು, ಇನ್ನೇನು!

ಬೆಲೆ ನಲವತ್ತು ಸೋಲೆಸ್. ಮಾರುಕಟ್ಟೆಯಲ್ಲಿ ಹೊಸ ಗಂಟೆ ಹದಿನೈದಕ್ಕೆ ಸಿಗುತ್ತದೆ, ಆದರೆ ಅದು ನನ್ನಪ್ಪನದಲ್ಲ.

ಸಭೆಯವರಿಗೆ ಗಂಟೆ ತೋರಿಸಿದೆ. ಒಪ್ಪಿದರು. ನಿನ್ನ ಆಫೀಸಿಗೆ ಬರೆ.

ಮುಂದಾಳು ಮೆಲಿಟೋನ್


ಕುಸ್ಕೋ
30 ಮೇ 1997

ಚಿಕ್ಕಪ್ಪ,

ಸಭೆಯವರ ಕಾಗದವೂ ಬಂತು. ನಿಮ್ಮ ಹೆಸರು ಆಫೀಸಿನ ಪಟ್ಟಿಯಲ್ಲಿ ಅಚ್ಚಾಗಿದೆ: ಮುಂದಾಳು, ಮೆಲಿಟೋನ್.

ತಾತನ ಗಂಟೆ ನಮ್ಮ ಮನೆಗೆ ಬಂದದ್ದು ಸಂತೋಷ. ಸಟುರ್ನಿನೋ ಮಾವ ಅದಕ್ಕೆ ದುಡ್ಡು ತೆಗೆದುಕೊಂಡರು ಎನ್ನುವುದು ನಂಬಲಾಗುತ್ತಿಲ್ಲ. ಇರಲಿ, ನಲವತ್ತು ತಾನೆ.

ಬಂದವರಲ್ಲಿ ಒಬ್ಬರು ಸಂಗೀತದ ಮೇಷ್ಟರು. ನಿಮ್ಮ ತುತ್ತೂರಿಯ ವಿಷಯ ಹೇಳಿದ್ದೇನೆ, ಕಾಯುತ್ತಿದ್ದಾರೆ. ಮರೆಯದೆ ತನ್ನಿ. ಐದೂ ಲಾಮಾಗಳ ಹೆಸರು ಬರೆದು ಕಳಿಸಿ, ಪ್ರತಿಯೊಂದಕ್ಕೂ ಹೆಸರಿನ ಚೀಟಿ ಮಾಡಿಸುತ್ತೇವೆ.

ಜನರಲ್ ಇದಕ್ಕೆ ಮುಂಚೆ ಎಂದಾದರೂ ಸಾಲಿನ ಮುಂದೆ ನಡೆದಿದ್ದಾನೆಯೇ? ಸುಮ್ಮನೆ ಕೇಳಿದೆ.

ನಿಲ್ದಾ


ಇಚ್ಚುಪಾಂಪ
12 ಜೂನ್ 1997

ಮಗಳೇ,

ಪಟ್ಟಿಯ ಒಂದು ಪ್ರತಿ ಕಳಿಸು. ಗೋಡೆಗೆ ಅಂಟಿಸಬೇಕು. ಸಾಧ್ಯವಾದರೆ ಎರಡು ಕಳಿಸು, ಒಂದು ಲಾರಿ ನಿಲ್ಲುವ ಜಾಗಕ್ಕೆ.

ಜನರಲ್‌ಗೆ ಗಂಟೆ ಕಟ್ಟಿದ ದಿನ ಕ್ರಮವಾಗಿ ಭೂತಾಯಿಗೆ ಚಿಚಾ ಹೆಂಡ ಎರೆದೆ, ಅವನಿಗೂ ಒಂದು ಸೀಸೆ ಕುಡಿಸಿದೆ, ನಾನೂ ಕುಡಿದೆ. ಅವನು ಏನು ನಡೆಯುತ್ತಾನೆ ಅಂತೀಯ! ಹಿಂದಿನವಕ್ಕೆ ಹಗ್ಗ ಕಟ್ಟಿ ಅವನ ಬಾಲಕ್ಕೆ ಸೇರಿಸಿದರೆ ಒಂದೂ ಬಿಡದೆ ಹಿಂಬಾಲಿಸುತ್ತವೆ. ಹಗ್ಗ ಬಿಚ್ಚಿ ಇನ್ನೂ ನೋಡಿಲ್ಲ. ಅಗತ್ಯ ಕಾಣಲಿಲ್ಲ. ಸೇತುವೆಯವರೆಗೂ ಹೋಗಿಲ್ಲ, ಹಿಮ ಬೀಳುತ್ತಿದೆ, ಎಲ್ಲರೂ ಚಳಿಗೆ ಒಣಗಿಸಿಡುವ ಚುನ್ಯೊ ಮಾಡಲು ಆಲೂಗಡ್ಡೆ ತುಳಿಯುವುದರಲ್ಲಿದ್ದಾರೆ.

ಹೆಸರುಗಳು: ಜನರಲ್, ವಕೀಲ, ಮೋಡ.

ಲೆಕ್ಕ ಸರಿಯಾಗಿದೆ, ಮೂರೇ. ಇನ್ನೆರಡು ನೆಂಟರ ಮನೆಗೆ ಹೋಗಿವೆ. ಲಾಮಾಗಳಿಗೂ ನೆಂಟರಿರುತ್ತಾರೆ. ನನ್ನ ಮೂರು ಬೇರೆಯವರ ಆರಕ್ಕೆ ಸಮ.

ತುತ್ತೂರಿ ಈ ಸಲ ಇಲ್ಲ. ಗಂಟಲು ಕೆಟ್ಟಿದೆ.

ಈಗ ಬೆಳಿಗ್ಗೆ ನನ್ನ ಬಾಗಿಲ ಮುಂದೆ ಸಟುರ್ನಿನೋನ ಲಾಮಾಗಳು ಸದ್ದಿಲ್ಲದೆ ಹೋಗುತ್ತವೆ. ಮಚು ಮುಂದೆ, ಮಿಕ್ಕವು ಹಿಂದೆ, ಎಂದಿನ ಹಾಗೆ. ಗಂಟೆ ಇಲ್ಲ ಅಂತ ಅವಕ್ಕೆ ಗೊತ್ತಾದ ಹಾಗೇ ಕಾಣುವುದಿಲ್ಲ. ದಡ್ಡ ಪ್ರಾಣಿಗಳು. ಮಾಲೀಕನೂ ಹಾಗೇ, "ಭಾವ, ಗಂಟೆ ಚೆನ್ನಾಗ್ ಕೇಳುಸ್ತಿದೆ" ಅಂತ ಬೇಲಿಯಾಚೆಯಿಂದ ಕೂಗುತ್ತಾನೆ. ಒಂದು ಸಲವಾದರೂ ಮುಖ ಸಣ್ಣದು ಮಾಡಬಾರದೇ?

ಚಿಕ್ಕಪ್ಪ


ಕುಸ್ಕೋ
20 ಜೂನ್ 1997

ಚಿಕ್ಕಪ್ಪ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮೂರಾದರೆ ಆಗದು. ಹೊರೆ ಹನ್ನೆರಡು ಲಾಮಾಗಳ ಲೆಕ್ಕದಲ್ಲಿ ಮೂಟೆ ಕಟ್ಟಿಯಾಗಿದೆ. ಆ ಎರಡನ್ನು ನೆಂಟರ ಮನೆಯಿಂದ ಕರೆಸಿ, ಇಲ್ಲವೇ ಯಾರಿಂದಾದರೂ ಬಾಡಿಗೆಗೆ ತನ್ನಿ. ಏನಾಯಿತು ಅವಕ್ಕೆ? ಕಾಯಿಲೆಯೇ? ಮಾರಿದಿರಾ?

ಉತ್ತರ ಬರೆಯಿರಿ. ಲಾರಿ ಇನ್ನೊಂದು ಸಲ ಬರುತ್ತದೆ.

ನಿಲ್ದಾ


ಇಚ್ಚುಪಾಂಪ
6 ಜುಲೈ 1997

ಮಗಳು ನಿಲ್ದಾಳಿಗೆ,

ನಿನ್ನ ಇಪ್ಪತ್ತನೆಯ ತಾರೀಖಿನ ಕಾಗದ ತಡವಾಗಿ ಕೈಸೇರಿತು, ಅದಕ್ಕೇ ಉತ್ತರ ಬರೆಯಲಿಲ್ಲ. ಬುಗ್ಗೆಯ ಹತ್ತಿರ ಬಸ್ಸು ಹತ್ತುವಾಗ ನೀನು ನನ್ನ ಜೊತೆ ಮಾತಾಡಲಿಲ್ಲ. ಬಂದವರ ಮುಂದೆ ಮಾತು ಬೇಡ ಅಂತ ಇದ್ದಿರಬೇಕು, ನಾನೂ ಹಾಗೇ ಇದ್ದೆ.

ನಡಿಗೆ ಅಮೋಘವಾಗಿ ಆಯಿತು ಅಂತ ಊರಿನವರೆಲ್ಲ ಹೇಳುತ್ತಿದ್ದಾರೆ. ನಾನೇ ಎಲ್ಲರಿಗೂ ವಿವರಿಸಿದೆ. ಸೇತುವೆಯ ಹತ್ತಿರ ಜನರಲ್ ಸ್ವಲ್ಪ ಹೊತ್ತು ಕೂತು ವಿಶ್ರಾಂತಿ ತೆಗೆದುಕೊಂಡದ್ದು ಅವನ ಬುದ್ಧಿವಂತಿಕೆ. ಹಲಗೆ ಒದ್ದೆಯಾಗಿತ್ತು, ಅವನು ಮೊದಲೇ ಗುರುತಿಸಿದ. ಆ ಮೇಷ್ಟರ ಟೋಪಿಯ ಮೇಲೆ ಉಗಿದದ್ದು ನಿಜ. ಅದು ಆತ್ಮೀಯತೆ. ಆಮೇಲೆ ನಾನು ಮುಂದಾಳಿನ ಜಾಗ ಬಿಟ್ಟು ಹಿಂದೆ ಬಂದದ್ದು ಇಡೀ ಸಾಲಿನ ಮೇಲೆ ಕಣ್ಣಿಡಲು. ಸೇನಾಪತಿಗಳು ಹಿಂದೆಯೇ ಇರುತ್ತಾರೆ.

ಮುಂದಿನ ತಂಡ ಯಾವಾಗ? ಜನರಲ್ ಕೇಳುತ್ತಿದ್ದಾನೆ.

ಚಿಕ್ಕಪ್ಪ


ಕುಸ್ಕೋ
19 ಜುಲೈ 1997

ಚಿಕ್ಕಪ್ಪ,

ನಿಮ್ಮ ಕಾಗದ ಓದಿ ನಾನು ಬೇರೆ ಯಾವುದೋ ನಡಿಗೆಗೆ ಹೋಗಿದ್ದೆನೇನೋ ಅನ್ನಿಸಿತು. ನಾನು ಕಂಡದ್ದನ್ನು ಬರೆಯುತ್ತೇನೆ, ಎಲ್ಲಿ ತಪ್ಪಿದ್ದರೂ ತಿದ್ದಿ.

ಇಲ್ಲದ ಎರಡು ಲಾಮಾಗಳ ಹೊರೆಯನ್ನು ನೀವು ಇದ್ದ ಮೂರರ ಮೇಲೆ ಹೇರಿದಿರಿ. ಜನರಲ್‌ನ ಬೆನ್ನಿನ ಮೇಲೆ ಮೂವತ್ತೈದು ಕಿಲೋ ಇತ್ತು. ಇಪ್ಪತ್ತಕ್ಕಿಂತ ಒಂದು ಮುಷ್ಟಿ ಹೆಚ್ಚಾದರೂ ಲಾಮಾ ಕೂತುಬಿಡುತ್ತದೆ ಎಂದು ನನಗೆ ಕಲಿಸಿದವರೇ ನೀವು. ಸೇತುವೆಯ ಬಾಯಲ್ಲಿ ಅವನು ಕಾಲು ಮಡಿಸಿ ಕೂತ. ನೀವು ಎಳೆದಿರಿ, ಬೇಡಿಕೊಂಡಿರಿ, ಅವನ ಕಿವಿಯಲ್ಲಿ ಏನೋ ಹೇಳಿದಿರಿ, ಅವನ ಅಮ್ಮನನ್ನು ಬೈದಿರಿ. ಗಂಟೆಯನ್ನು ಅವನ ಕೊರಳಿಂದ ಬಿಚ್ಚಿ ಕೈಯಲ್ಲಿ ಹಿಡಿದು ಬಾರಿಸಿದಿರಿ. ಹಿಂದೆ ಒಂಬತ್ತು ಲಾಮಾ ಕದಲದೆ ನಿಂತಿದ್ದವು. ಒಂದಾದರೂ ನಿಮ್ಮ ಗಂಟೆಯ ಕಡೆ ತಿರುಗಿ ನೋಡಲಿಲ್ಲ. ಎಲ್ಲವೂ ಕತ್ತು ತಿರುಗಿಸಿ ಸಾಲಿನ ಕೊನೆಯನ್ನು ನೋಡುತ್ತಿದ್ದವು.

ಆಗ ಮಚು ಹೊರಟ. ಯಾರೂ ಕರೆಯಲಿಲ್ಲ. ಬೆನ್ನಿನ ಮೇಲೆ ಎರಡು ಪಾತ್ರೆ, ಒಂದು ಸೌಟು. ಢಣ ಢಣ ಎನ್ನಿಸಿಕೊಂಡು ಎಲ್ಲರನ್ನೂ ದಾಟಿ, ಜನರಲ್‌ನನ್ನು ಬಳಸಿ, ಹಲಗೆಯ ಮೇಲೆ ಕಾಲಿಟ್ಟ. ಹಿಂದೆ ಒಂದೊಂದಾಗಿ ಎಲ್ಲವೂ ಹೋದವು. ಹೆಚ್ಚಿನ ಹೊರೆ ಇಳಿಸಿದ ಮೇಲೆ ಜನರಲ್ ಕೂಡ ಎದ್ದು ಸಾಲಿನ ಬಾಲದಲ್ಲಿ ಸೇರಿಕೊಂಡ.

"ಭಾವ, ಮಿಕ್ಕಿದ್ದನ್ನ ಯಾರಾದ್ರೂ ಹೊರಬೇಕಲ್ಲ" ಎಂದರು ಸಟುರ್ನಿನೋ ಮಾವ. ತಾವೇ ಹೊರಲು ಬಗ್ಗಿದರು. "ಮುಟ್ಟಬೇಡ!" ಎಂದು ನೀವು ಕೂಗಿ ನಾಲ್ಕು ದಿನವೂ ಅದನ್ನು ನಿಮ್ಮ ಬೆನ್ನಿನ ಮೇಲೆ ಹೊತ್ತಿರಿ. ಗಂಟೆ ಹಿಡಿಯಲು ಕೈ ಖಾಲಿ ಇರಲಿಲ್ಲ. "ಕೈ ಇಲ್ಲ ಅಂದ್ರೆ ಕೊರಳಿದೆಯಲ್ಲ ಭಾವ" ಎಂದು ಮಾವ ಅದನ್ನು ನಿಮ್ಮ ಕೊರಳಿಗೇ ಕಟ್ಟಿದರು. ಹಾಗೆ ಪಾತ್ರೆ ಮುಂದೆ, ಗಂಟೆ ಹಿಂದೆ, ನಾವು ಕಣಿವೆ ಹತ್ತಿದೆವು.

ಆ ಫೋಟೋ ನಮ್ಮ ಆಫೀಸಿನ ಕಿಟಕಿಯಲ್ಲಿದೆ. ನಡುವೆ ನೀವೇ ಇದ್ದೀರಿ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ.

ಈಗ ನನ್ನ ಮಾತು. ನಿಮ್ಮ ಕಥೆಗಳಿಂದ ಕತ್ತಲಾದ ಹೋದ ವರ್ಷದ ನಡಿಗೆಯ ನಂತರವೇ ಆಫೀಸಿನವರು ಸಟುರ್ನಿನೋ ಮಾವನೇ ಮುಂದಿರಲಿ ಎಂದಿದ್ದರು. ಅದನ್ನು ನಿಮಗೆ ಬರೆಯಲು ಕೈ ಬರಲಿಲ್ಲ. ಗಂಟೆ ಯಾರ ಹತ್ತಿರ ಇದೆ ಎಂದು ಗೊತ್ತಿದ್ದೇ ಗಂಟೆಯ ಪದ್ಧತಿಯ ಮಾತು ತೆಗೆದೆ. ನನ್ನ ಬದಲು ಗಂಟೆಯೇ 'ಬೇಡ' ಎಂದುಬಿಡಲಿ ಎಂದುಕೊಂಡೆ. ನೀವು ಅದನ್ನು ಕೊಂಡು ತರುತ್ತೀರಿ ಎಂದು ಊಹಿಸಲಿಲ್ಲ. ಅದು ನನ್ನ ತಪ್ಪು.

ಮೊನ್ನೆ ಚಿಕ್ಕಮ್ಮ ಕಂಬಳಿ ಮಾರಲು ಬಂದಿದ್ದರು. "ನಿಮ್ಮ ಚಿಕ್ಕಪ್ಪ ಮೊದ್ಲು ನಲವತ್ತು ಅಂದ್ರು, ಪೀಡಿಸಿದ್ ಮೇಲೆ ತೊಂಬತ್ತು ಅಂದ್ರು. ಎರಡು ಲಾಮಾ ಮೇಲಿನ ಹುಲ್ಲುಗಾವಲಲ್ಲಿವೆ ಅಂತಾರೆ. ನನ್ ತಮ್ಮನ್ನ ಕೇಳಿದ್ರೆ ಬಾಯೇ ಬಿಡಲ್ಲ. ಆದ್ರೆ ಅವನ ಮನೆ ಹುಲ್ಲು ಕಿತ್ತು ಹೊಸಾ ತಗಡು ಹಾಕ್ಸಿದಾನೆ ಕಣೇ. ಹದಿನೇಳು. ನಾನೇ ಎಣಿಸ್ದೆ" ಎಂದರು.

ಎಷ್ಟು ಕೊಟ್ಟಿರಿ, ಚಿಕ್ಕಪ್ಪ?

ಇನ್ನೊಂದು ಕೇಳಬೇಕಿತ್ತು. ಕಣಿವೆಯ ಕಲ್ಲುರಾಶಿಗೆ ನೀವು ಎಲ್ಲರಿಗಿಂತ ಕೊನೆಗೆ ಬಂದಿರಿ. ಹೊರೆ ಇಳಿಸಿ, ಗಂಟೆ ಸದ್ದು ಮಾಡದ ಹಾಗೆ ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದು ತುಂಬಾ ಹೊತ್ತು ನಿಂತಿದ್ದಿರಿ. ಯಾಕೆ?

ನಿಲ್ದಾ


ಇಚ್ಚುಪಾಂಪ
1 ಆಗಸ್ಟ್ 1997

ನಿಲ್ದಾ,

ಇವತ್ತು ಆಗಸ್ಟ್ ಒಂದು. ಭೂತಾಯಿ ಬಾಯಿ ತೆರೆದಿರುವ ದಿನ. ಇವತ್ತು ಸುಳ್ಳು ಆಡಿದರೆ ನೆಲಕ್ಕೆ ಕೇಳಿಸುತ್ತದೆ ಅಂತ ನಿಮ್ಮಜ್ಜಿ ಹೇಳುತ್ತಿದ್ದಳು. ಹಾಗಾಗಿ ಈ ಕಾಗದ ನಿನ್ನೆ ಬರೆಯೋಣ ಅಂದುಕೊಂಡೆ, ಆಗಲಿಲ್ಲ.

ನೀನು ಬರೆದದ್ದರಲ್ಲಿ ತಿದ್ದುವುದು ಒಂದೇ ಇದೆ. ಜನರಲ್‌ನ ಅಮ್ಮನನ್ನು ನಾನು ಬೈಯಲಿಲ್ಲ. ಅಜ್ಜಿಯನ್ನು ಬೈದೆ.

ಕಲ್ಲುರಾಶಿಯ ವಿಷಯ. ಹದಿನಾರು ವರ್ಷದ ಹಿಂದೆ ನನ್ನ ಕಾಲು ಉಳುಕಿರಲಿಲ್ಲ. ಪಕ್ಕದ ಊರಿನ ಹಬ್ಬಕ್ಕೆ ನಮ್ಮ ಬ್ಯಾಂಡು ಹೋಗುವುದಿತ್ತು, ನನಗೆ ತುತ್ತೂರಿ ಊದಬೇಕಿತ್ತು. ಕಾಲಿಗೆ ಬಟ್ಟೆ ಸುತ್ತಿಕೊಂಡು ಮಲಗಿ ಅಪ್ಪನಿಗೆ ತೋರಿಸಿದೆ. ಅಪ್ಪ ಬಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, "ಆಗ್ಲಿ ಮಗ, ರೆಸ್ಟ್ ತಗೋ" ಅಂದ. ಸಟುರ್ನಿನೋನನ್ನು ಕರೆದುಕೊಂಡು ಹೊರಟ. ಅಪ್ಪನ ಕಣ್ಣು ಮಂಜಾಗಿರಲಿಲ್ಲ. ಚೆನ್ನಾಗಿಯೇ ಕಾಣುತ್ತಿತ್ತು. ಅಲ್ಲಿ ಗಂಟೆ ಯಾರ ಕೈಗೆ ಕೊಡುತ್ತಿದ್ದೇನೆ ಅಂತಲೂ ಚೆನ್ನಾಗಿಯೇ ಕಂಡಿತ್ತು. ಅದೇ ಜಾಗದಲ್ಲಿ ನಿಂತಾಗ ಗಂಟೆ ಬಾರಿಸಲು ನನಗೆ ನಾಚಿಕೆಯಾಯಿತು. ಅಷ್ಟೇ.

ನಿನ್ನ ಮೇಲೆ ಸಿಟ್ಟಿಲ್ಲ. 'ಬೇಡ' ಅಂತ ನೇರವಾಗಿ ಬರೆದಿದ್ದರೂ ನಾನು ಹೇಗಾದರೂ ಮಾಡಿ ಇದೇ ಕೆಲಸ ಮಾಡುತ್ತಿದ್ದೆ.

ಸಟುರ್ನಿನೋ ಅವತ್ತು ಬೆಲೆ ಹೇಳಿದ್ದು ನಾನು ಎದ್ದು ಹೋಗಲಿ ಅಂತ. ಅದು ನನಗೆ ಅವತ್ತೇ ಗೊತ್ತಿತ್ತು. ಎದ್ದು ಹೋದರೆ ಅವನು ಗೆದ್ದ ಹಾಗೆ ಅಂತ ಕೊಟ್ಟುಬಿಟ್ಟೆ. ಕೊಡಲು ಹೋದಾಗ "ಬೇಡ ಭಾವ, ಸುಮ್ನೆ ತಗೊಂಡ್ ಹೋಗಿ" ಅಂದ. ನಾನು ನೋಟುಗಳನ್ನು ಅವನ ಆಲೂಗಡ್ಡೆ ರಾಶಿಯ ಮೇಲೆ ಎಸೆದು ಬಂದೆ. ಇದನ್ನು ನಾನು ಬರೆದಿರಲಿಲ್ಲ.

ಈಗ ಬೆಳಿಗ್ಗೆ ಸೂರ್ಯ ಹುಟ್ಟಿದರೆ ಮೊದಲು ಅವನ ಮಾಡು ಹೊಳೆಯುತ್ತದೆ. ನೇರ ನನ್ನ ಬಾಗಿಲಿಗೆ, ನನ್ನ ಕಣ್ಣಿಗೆ. ಮಳೆ ಬಂದರೆ ಅದರ ಸದ್ದು ಬೇರೆ ಕೇಳಬೇಕು. ನನ್ನ ಮನೆಯ ಹುಲ್ಲಿನ ಮಾಡು ಮೂಲೆಯಲ್ಲಿ ಸೋರುತ್ತಿದೆ. ಮೊನ್ನೆ ಅವನೇ ಬಂದು, "ಭಾವ, ಹತ್ತಿ ಸರಿ ಮಾಡ್ಕೊಡ್ಲಾ?" ಅಂದ. ಬೇಡ ಅಂದೆ. ಹತ್ತಿದ. ಸರಿ ಮಾಡಿದ. ಅವನ ಮೊಣಕಾಲಿನಿಂದ ಒಂದು ಸದ್ದೂ ಬರಲಿಲ್ಲ. ಅದೂ ನಾನು ಕಟ್ಟಿದ ಕಥೆ. ಬೆಲೆ ಎಷ್ಟೆಂದು ತನ್ನ ಅಕ್ಕನಿಗೂ ಅವನು ಹೇಳಿಲ್ಲ, ನನ್ನ ಮರ್ಯಾದೆ ಉಳಿಸುತ್ತಿದ್ದಾನೆ. ಮಗಳೇ, ತಗಡನ್ನಾದರೂ ಸಹಿಸಿಕೊಳ್ಳುತ್ತೇನೆ, ಅವನ ಈ ಒಳ್ಳೆಯತನ ನನಗೆ ಸಹಿಸಲು ಆಗುತ್ತಿಲ್ಲ.

ನಿನ್ನೆ ಗಂಟೆ ತೆಗೆದುಕೊಂಡು ಹೋಗಿ ಮಚುವಿನ ಕೊರಳಿಗೆ ನಾನೇ ಕಟ್ಟಿದೆ. ಅವನು ನನ್ನ ಮುಖಕ್ಕೆ ಉಗಿಯುತ್ತಾನೆ ಅಂತ ಕಣ್ಣು ಮುಚ್ಚಿಕೊಂಡಿದ್ದೆ. ಉಗಿಯಲಿಲ್ಲ. ಆ ಹರಕು ಕಿವಿಯನ್ನು ನನ್ನ ಕೆನ್ನೆಗೆ ಒರೆಸಿ ಮೇವಿಗೆ ಹೋದ. "ಗಂಟೆ ನಂದೇ, ನೆನಪಿಟ್ಕೋ. ಮಚುಗೆ ಸಾಲ ಕೊಟ್ಟಿದೀನಿ ಅಷ್ಟೇ" ಅಂದೆ ಸಟುರ್ನಿನೋಗೆ. "ಆಗ್ಲಿ ಭಾವ" ಅಂದ. ಮುಂದಿನ ತಂಡಕ್ಕೆ ಅವನ ಹೆಸರು ಬರೆ. ನನ್ನನ್ನು ಅಡುಗೆಗೆ ಹಾಕು. ದೊಡ್ಡ ಗುಡಾರ ಅಂದಿದ್ದೆಯಲ್ಲ, ಅದೂ ಇರಲಿ.

ಈಗ ನೀನು ಕೇಳಿದ್ದು. ಇದನ್ನು ಬಸಿಲಿಯಾಗೆ ಓದಿ ಹೇಳಬೇಡ. ನಾನೇ ಹೇಳುತ್ತೇನೆ, ಅವಳ ಕೈಯಲ್ಲಿ ಸೌಟು ಇಲ್ಲದ ಒಂದು ದಿನ ನೋಡಿಕೊಂಡು.

ನಲವತ್ತಲ್ಲ. ತೊಂಬತ್ತೂ ಅಲ್ಲ. ಎರಡು ಲಾಮಾ ದನದ ಸಂತೆಯಲ್ಲಿ ಮುನ್ನೂರ ನಲವತ್ತಕ್ಕೆ ಹೋದವು. ಅಷ್ಟೂ ಸಾಲಲಿಲ್ಲ. ನನ್ನ ಗಂಟಲು ಕೆಟ್ಟಿರಲಿಲ್ಲ ಮಗಳೇ, ತುತ್ತೂರಿಯೂ ಹೋಯಿತು, ನಲವತ್ತೈದಕ್ಕೆ. ಹದಿನೈದರ ಗಂಟೆಗೆ ನಾನು ಕೊಟ್ಟದ್ದು ಮುನ್ನೂರ ಎಂಬತ್ತೈದು ಸೋಲೆಸ್.